ಮಕ್ಕಳಿಗೆ ಯೋಗ್ಯವಲ್ಲದ ಪುಟ

ಹೊಸ ರೌಟರ್‌ಗೆ ಹಸಿರು ದೀಪ ಹತ್ತಿದ ಕೂಡಲೇ ಉತ್ತಯ್ಯ ಹೆಂಡತಿ ದಮಯಂತಿಯನ್ನೂ ಇಬ್ಬರು ಮಕ್ಕಳನ್ನೂ ಜಗಲಿಗೆ ಕರೆದು ಒಂದು ಭಾಷಣ ಬಿಗಿದ. ಇನ್ನು ಈ ಮನೆಯೊಳಗೆ ಕೆಟ್ಟದ್ದೊಂದೂ ನುಸುಳುವಂತಿಲ್ಲ. ಮಕ್ಕಳ ವಯಸ್ಸು ತಿಳಿಸಿದರೆ ಸಾಕು, ಅವರು ನೋಡಬಾರದ್ದನ್ನೆಲ್ಲ ಈ ಪೆಟ್ಟಿಗೆಯೇ ತಡೆಯುತ್ತದೆ. ಜೂಜು, ಮದ್ಯ, ಆಯುಧ, ಮತ್ತೆ ಹೆಂಗಸರ ಎದುರು ಹೆಸರೆತ್ತಬಾರದ ಕೆಲವು. ಎಲ್ಲಕ್ಕೂ ಬೀಗ ಹಾಕಿಯಾಗಿದೆ. ಮಗ ಮಿಲನ್ ಯಾವ ಹೊತ್ತಿಗೆ ಯಾರ ಫೋನಿಗೆ ಕೈ ಹಾಕುತ್ತಾನೋ ಹೇಳಲು ಬಾರದ್ದರಿಂದ ಇಡೀ ಮನೆಯನ್ನೇ ಅವನ ವಯಸ್ಸಿಗೆ ಇಳಿಸಲಾಗಿತ್ತು. ಹೀಗೆ ಉತ್ತಯ್ಯನೂ ಆ ಮಧ್ಯಾಹ್ನದಿಂದ ಹನ್ನೊಂದು ವರ್ಷದವನಾದ.

ಕಾರಣವಿಲ್ಲದೆ ಆತ ಇಷ್ಟು ಖರ್ಚು ಮಾಡುವವನಲ್ಲ. ಮಿಲನ್ ಹಿಂದಿನ ವಾರ ಫೋನಿನಲ್ಲಿ ರಮ್ಮಿ ಆಡುತ್ತ ಸಿಕ್ಕಿಬಿದ್ದಿದ್ದ. ಇಸ್ಪೀಟಿನ ಮೇಜಿನ ಮೇಲೆಯೇ ಕಾಫಿ ತೋಟ ಕಳೆದುಕೊಂಡ ಚಿಕ್ಕಪ್ಪನೊಬ್ಬ ಆ ಮನೆತನದಲ್ಲಿದ್ದ. ಮಗನೂ ಅದೇ ದಾರಿ ಹಿಡಿದರೆ ಗತಿಯೇನು ಎಂದು ಉತ್ತಯ್ಯನಿಗೆ ನಿದ್ದೆ ಬಂದಿರಲಿಲ್ಲ. ಆ ಭಯ ಮಾತ್ರ ನಿಜವಾದದ್ದು.

ಭಾಷಣ ಮುಗಿಯುವಷ್ಟರಲ್ಲಿ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಅವರ ಹೋಂಸ್ಟೇಗೆ ಬರಬೇಕಿದ್ದ ನಾಲ್ಕು ಮಂದಿ ಮಡಿಕೇರಿ ದಾಟಿ ಸಂಪಾಜೆ ಕಡೆಗೆ ಇಳಿಯುತ್ತಿದ್ದರು. ಬುಕಿಂಗಿಗೆ ಇನ್ನೂ ಒಪ್ಪಿಗೆ ಬಂದಿಲ್ಲ, ಬಾರದಿದ್ದರೆ ದಾರಿಯಲ್ಲಿ ಬೇರೆ ಹೋಂಸ್ಟೇಗಳು ಬೇಕಾದಷ್ಟಿವೆ ಎಂದರು. ಮಗಳು ಚೈತನ್ಯ ಟ್ಯಾಬ್ ತೆಗೆದು ಹೋಂಸ್ಟೇಯ ಪುಟ ಒತ್ತಿದಳು. ಬಿಳಿ ಪರದೆಯ ಮೇಲೆ ಒಂದೇ ಸಾಲು ಬಂತು: ‘ಈ ಪುಟ ಮಕ್ಕಳಿಗೆ ಯೋಗ್ಯವಲ್ಲ.’

"ಬೇರೆ ಯಾರ್ದೋ ಒತ್ತಿದ್ದಿ. ಸರಿ ನೋಡ್," ಎಂದ ಉತ್ತಯ್ಯ.

"ನಮ್ದೇ ಅಪ್ಪಾ. ಕಾರಣನೂ ಬರ್ದುಟ್ಟು. ಮದ್ಯ, ಆಯುಧ, ಜೂಜು."

"ಮದ್ಯ ಎಲ್ಲುಟ್ಟು ನಮ್ಮಲ್ಲಿ?"

"ಅವ್ವನ ವೈನ್. ವೀಳ್ಯದೆಲೆದ್, ಗಾಂಧಾರಿ ಮೆಣಸುದ್. ಫೋಟೋ ಹಾಕಿದ್ದೀರಲ್ಲ."

"ಅದ್ ಮನೇಲಿ ಮಾಡ್ದದ್ದ್! ಅದ್ ಮದ್ಯ ಆಗುದು ಹೆಂಗೆ?"

"ಹಂಗಾರೆ ಹೋದ ವಾರ ಬಂದ ಗೆಸ್ಟ್ ಮೆಟ್ಲಿಂದ ಉರುಳಿದ್ ಮಜ್ಜಿಗೆ ಕುಡ್ದಾ?" ಎಂದು ದಮಯಂತಿ ಒಳಗೆ ಹೋಗುತ್ತಲೇ ಕೇಳಿದಳು.

ಆಯುಧವೆಂದರೆ ಪುಟದ ಇನ್ನೊಂದು ಫೋಟೋದಲ್ಲಿದ್ದ, ಗೋಡೆಯ ಮೇಲಿನ ಅಜ್ಜನ ಕೋವಿ. ಕೈಲ್ ಮುಹೂರ್ತದ ಹಬ್ಬದ ದಿನ ಹೂ ಮುಡಿಸಿ ಕೈ ಮುಗಿಯುವ ಕೋವಿಯನ್ನು ಆಯುಧ ಎನ್ನುವ ಈ ಪೆಟ್ಟಿಗೆ ಯಾವ ದೇಶದ್ದೆಂದು ಉತ್ತಯ್ಯ ತಿರುಗಿಸಿ ನೋಡಿದ. ಜೂಜಿನ ವಿಷಯಕ್ಕೆ ಬಂದಾಗ ಮಾತ್ರ ಅವನಿಗೆ ಧೈರ್ಯ ಬಂತು. "ಜೂಜು ಅಂತೂ ಇಲ್ಲೆ. ಅದರ ಹೆಸರೇ ನಂಗಾಗುದಿಲ್ಲ."

ಚೈತನ್ಯ ಆ ಪುಟಕ್ಕೆ ಅಪ್ಪ ಬರೆಸಿದ್ದ ಸಾಲುಗಳನ್ನು ಬಾಯಿಪಾಠದಂತೆ ಒಪ್ಪಿಸಿದಳು: "ಸಂಜೆಯ ಚಳಿಗೆ ಬೆಂಕಿ, ಪಕ್ಕದಲ್ಲೇ ಇಸ್ಪೀಟಿನ ಮೇಜು. ಆಟಕ್ಕೆ ಒಬ್ಬರು ಕಮ್ಮಿ ಬಿದ್ದರೆ ಮನೆಯವರೇ ಕೈ ಜೋಡಿಸುತ್ತಾರೆ."

"ಆ ಮನೆಯವ ನಾನೇ," ಎಂದ ಮಿಲನ್. ಹೇಳಿದ್ದರಲ್ಲಿ ಹೆಮ್ಮೆಯೇ ಇತ್ತು.

ಉತ್ತಯ್ಯನಿಗೆ ಎಲ್ಲ ನೆನಪಾಯಿತು. ಬಾ ಮಗ, ಗೆಸ್ಟಿಗೆ ಒಂದು ಕೈ ಕಮ್ಮಿ ಉಟ್ಟು ಎಂದು ಹೋಂವರ್ಕ್ ಬಿಡಿಸಿ ಕರೆದವನು ತಾನೇ. ಹುಡುಗನ ತಲೆ ಭಾರೀ ಚುರುಕು ಎಂದು ಅತಿಥಿಗಳು ಹೊಗಳಿದಾಗ ಎದೆಯುಬ್ಬಿಸಿದವನೂ ತಾನೇ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ಇದೆ. ಇಲ್ಲಿ ಕೊಳ್ಳೆ ಹೊಡೆದವನೇ ಬಾಗಿಲು ಹಾಕಲು ಹೊರಟಿದ್ದ. ಉತ್ತಯ್ಯನಿಗೆ ನಿಜಕ್ಕೂ ನಾಚಿಕೆಯಾಯಿತು. ಅಷ್ಟರಲ್ಲಿ ಫೋನ್ ಮತ್ತೆ ಹೊಡೆದುಕೊಂಡದ್ದರಿಂದ ಆ ನಾಚಿಕೆಯನ್ನು ಆಮೇಲೆ ಪಡೋಣವೆಂದು ಬದಿಗಿಟ್ಟ.

"ಇದ್‌ನ ಬಿಡ್ಸುದು ಹೆಂಗೆ?"

"ಇವನ ವಯಸ್ಸು ಜಾಸ್ತಿ ಮಾಡೊಕು. ಇಪ್ಪತ್ತೊಂದು ಅಂತ ಹಾಕಿರೆ ಮೂರೂ ಬಿಡುದು," ಎಂದಳು ಚೈತನ್ಯ.

ದಮಯಂತಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. "ಒಂದು ಗಂಟೆನೂ ಆತಿಲ್ಲೆ ನಿಮ್ಮ ಕಾವಲಿಗೆ."

"ನಾಲ್ಕು ಜನ, ಎರಡು ರೂಮು. ನಾಳೆ ಮತ್ತೆ ಬೀಗ ಹಾಕ್ರೆ ಆತ್," ಎಂದು ಉತ್ತಯ್ಯ ಮಗಳ ಕೈಯಿಂದ ಟ್ಯಾಬ್ ಕಸಿದುಕೊಂಡು ತಾನೇ ಒತ್ತಿದ. ಆರನೇ ಕ್ಲಾಸಿನ ಮಿಲನ್ ನಿಂತ ನಿಲುವಿನಲ್ಲಿ ಇಪ್ಪತ್ತೊಂದು ತುಂಬಿದ ಗಂಡಸಾದ. ಪುಟ ತೆರೆಯಿತು. ಬುಕಿಂಗಿಗೆ ಒಪ್ಪಿಗೆ ಹೋಯಿತು. ಎಷ್ಟು ಸುಲಭವಿದೆ ನೋಡಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂದು ಉತ್ತಯ್ಯ ರೌಟರನ್ನು ಹೊಗಳಿದ.

ಕಾರು ಗೇಟಿನ ಬಳಿ ಹಾರ್ನ್ ಹಾಕುವ ಹೊತ್ತಿಗೆ ಜಗಲಿಯ ಮೇಜು ಸಿದ್ಧವಾಗಿತ್ತು. ವೈನಿನ ಬಾಟಲಿ ತಂದಿಟ್ಟ ಉತ್ತಯ್ಯ ಮೇಜಿನ ಮೇಲಿನ ಗ್ಲಾಸುಗಳನ್ನು ನೋಡಿದ. ಒಂದು ಹೆಚ್ಚಿತ್ತು.

"ಐದನೇದ್ ಯಾರಿಗೆ?"

ಮಿಲನ್ ಕುರ್ಚಿ ಎಳೆದು ಕೂತು, ಪಳಗಿದ ಕೈಯಲ್ಲಿ ಇಸ್ಪೀಟಿನ ಕಟ್ಟು ಕಲೆಸುತ್ತ ತಲೆ ಎತ್ತದೆ ಹೇಳಿದ:

"ನಂಗೆ ಅಪ್ಪಾ. ಇಷ್ಟು ದಿನ ಆಡೋಕೆ ಮಾತ್ರ ಪ್ರಾಯ ಆಗಿತ್ತ್. ಇವತ್ತ್ ಕುಡಿಯೋಕೂ ಆತಲ್ಲ."