ನಾಲ್ಕು ಬಾರ್‌ನ ಸೆನ್ಸರ್

ಲ್ಯಾಪ್‌ಟಾಪಿನಲ್ಲಿ ಎಂಜಿನ್ನಿಗೆ ನುಗ್ಗುವ ಗಾಳಿಯ ಒತ್ತಡದ ಗೆರೆ ಸರ್ರನೆ ಮೇಲೇರಿ, ಎರಡೂವರೆ ಬಾರ್ ಮುಟ್ಟಿದ್ದೇ ಹಲಗೆಯಂತೆ ಮಟ್ಟಸವಾಯಿತು. ಪಕ್ಕದ ಸೀಟಿನಲ್ಲಿದ್ದ ಮೆಕ್ಯಾನಿಕ್ ಸ್ನೇಹಲತಾ “ನಿಲ್ಸಣ್ಣ” ಎಂದಳು. ಭೀಮರಾಜು ತನ್ನ ಟರ್ಬೊ ಕಾರನ್ನು ಕೊಳಾಲ ರಸ್ತೆಯ ಬದಿಗೆ ಹಾಕಿದ. ಮರುದಿನ, ಭಾನುವಾರ, ಶಿರಾ ಹತ್ತಿರದ ಮಣ್ಣಿನ ಟ್ರ್ಯಾಕಿನಲ್ಲಿ ಅವನ ರೇಸು.

“ಎಷ್ಟು ಸ್ಟಡಿಯಾಗೈತೆ ನೋಡು!” ಎಂದ.

“ಸ್ಟಡಿ ಅಲ್ಲ ಕಣಣ್ಣ. ಟರ್ಬೊ ಇನ್ನೂ ಗಾಳಿ ತುಂಬ್ತಾನೇ ಐತೆ. ಈ ಸೆನ್ಸರ್‌ಗೆ ಅದಕ್ಕಿಂತ ಮೇಲೆ ಅಳೆಯೋಕಾಗಲ್ಲ. ಗಾಳಿ ಎಷ್ಟು ಅಂತ ಗೊತ್ತಾಗ್ದಿದ್ರೆ ಪೆಟ್ರೋಲ್ ಕಮ್ಮಿ ಬಿದ್ದು ಎಂಜಿನ್ ಕೆಂಡದಂಗೆ ಕಾಯುತ್ತೆ. ಪಿಸ್ಟನ್ ಕರಗೋದೇ ಅಂಗೆ.”

ಹೋದ ವರ್ಷ ಇಂಥದೇ ಗೆರೆಯನ್ನು ನಂಬಿ, ಇದೇ ಕಾರಿನ ಎಂಜಿನ್ ಸುಟ್ಟವಳು ಅವಳೇ. ಆಮೇಲೆ ಕೊರಟಗೆರೆಯ ಅವಳ ಶೆಡ್ಡಿಗೆ ರೇಸಿನವರು ಯಾರೂ ಕಾಲಿಡಲಿಲ್ಲ. ಮರಳಿ ಬಂದವನು ಭೀಮರಾಜು ಒಬ್ಬನೇ.

“ಈ ಗೇಜು ಒಂದೂಮುಕ್ಕಾಲು ತಾನೆ ತೋರ್ಸ್ತಿರೋದು?” ಎಂದು ಅವನು ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸಿದ.

“ಗೇಜು ಟರ್ಬೊದ್ದು ಮಾತ್ರ ತೋರ್ಸುತ್ತೆ. ಸೆನ್ಸರ್ ಹೊರಗಿನ ಗಾಳಿದೂ ಸೇರ್ಸ್ಕೊಂಡು ಎಣ್ಸುತ್ತೆ. ಎರಡೂ ಸೇರಿದ್ರೆ ಎರಡೂವರೆ ದಾಟೋಯ್ತು.”

“ಶೆಡ್ಡಲ್ಲಿ ಮೂರು ಬಾರ್‌ದು ಐತಲ್ಲ, ಅದ್ನೇ ಹಾಕ್ಬುಡು.”

“ಗೇರ್ ಹಾಕ್ದಾಗ ಒಂದೊಂದ್ಸಲ ಒತ್ತಡ ಎಗರಿ ಮೂರನ್ನೂ ದಾಟ್ಬೋದು. ನಾಲ್ಕು ಬಾರ್‌ದೇ ಬೇಕು. ಸೋಮವಾರ ಬತ್ತದೆ. ನಾಳೆಗೆ ಟರ್ಬೊ ಒತ್ತಡ ಇಳಿಸ್ಕೊಡ್ತೀನಿ.”

“ಸೋತೋಯ್ತೀನಿ ಕಣಮ್ಮ!”

“ಸೋತ್ರೆ ಸೋತೆ ಬುಡಣ್ಣ. ಇನ್ನೊಂದ್ಸಲ ಈ ಎಂಜಿನ್ ನನ್ ಕೈಯಲ್ಲಿ ಸುಡಬಾರ್ದು.”

ಅವಳು ಒತ್ತಡ ಇಳಿಸಿಕೊಟ್ಟದ್ದೇ, ಭೀಮರಾಜು ಮುಖ ಗಂಟಿಕ್ಕಿಕೊಂಡು ಅವಳನ್ನು ಶೆಡ್ಡಿಗೆ ಬಿಟ್ಟು ಹೋದ. ಮರುದಿನ ರೇಸಿನಲ್ಲಿ ಏಳನೆಯವನಾಗಿ ಬಂದ. ಆ ಸುದ್ದಿಯೂ ಸ್ನೇಹಲತಾಗೆ ಬೇರೆಯವರಿಂದ ತಿಳಿಯಿತು. ಇವನೂ ಹೋದ ಎಂದುಕೊಂಡಳು. ಆದರೂ ಸೋಮವಾರ ಬೆಳಗ್ಗೆ ಪಾರ್ಸೆಲ್ ಬಿಚ್ಚಿ, ಹೊಸ ಸೆನ್ಸರನ್ನು ಒರೆಸಿ ಮೇಜಿನ ಮೇಲಿಟ್ಟಳು.

ಹತ್ತು ಗಂಟೆಗೆ ಕಾರು ಶೆಡ್ಡಿನ ಮುಂದೆ ನಿಂತಿತು. ಮೈತುಂಬ ಕೆಂಪು ಧೂಳು. ಭೀಮರಾಜು ಇಳಿದವನೇ ಕೇಳಿದ: “ಬಂತಾ?”

ಅವಳು ಸೆನ್ಸರ್ ಕೂರಿಸಿ, ಅದರ ಜೊತೆಗೆ ಬಂದ ಅಳತೆಯ ಅಂಕಿಗಳನ್ನು ಕಾರಿನ ಕಂಪ್ಯೂಟರಿಗೆ ತುಂಬಿದಳು. ಎಂಜಿನ್ ಹೊತ್ತಿಸದೆ ಕೀ ಮಾತ್ರ ತಿರುಗಿಸಿದಳು. ಪರದೆಯ ಮೇಲೆ 1.01 ಎಂದು ಬಂತು.

“ಹೊರಗಿನ ಗಾಳಿ ಒಂದು ಬಾರ್ ತಾನೆ, ಸರಿಯಾಗೇ ಐತಲ್ಲ. ಸ್ಟಾರ್ಟ್ ಮಾಡು. ಹದಿನೈದು ದಿನಕ್ಕೆ ಇನ್ನೊಂದು ರೇಸೈತೆ.”

ಕೀ ಕಡೆ ಚಾಚಿದ ಅವನ ಕೈಗೆ ಸ್ನೇಹಲತಾ ತನ್ನ ಕೈ ಅಡ್ಡ ಇಟ್ಟಳು.

“ಇದು ಸಮುದ್ರದ ದಡದ ಗಾಳಿ ಲೆಕ್ಕ ಹೇಳ್ತೈತೆ. ನಮ್ಮೂರು ಎತ್ತರದಲ್ಲೈತೆ, 0.93 ಬರ್ಬೇಕು. ಮೊದ್ಲು ಕೊರಟಗೆರೆ ಗಾಳಿ ಎಷ್ಟು ಅಂತ ಕಲೀಲಿ ಕಣಣ್ಣ. ಆಮೇಲೆ ಟರ್ಬೊದ್ದು.”