ಜೋಳದ ಬುಟ್ಟಿಯ ಹುಡುಗಿ

"ಕೊನೇ ಸಲ ಕೇಳ್ತಿದೀನಿ. ಅದು ನಾನೋ, ಅವಳೋ?"

ಫೆರ್ಮಿನ್ ನೆಲ ನೋಡಿದ. ಮದುವೆಯಾದ ಐವತ್ತಾರು ವರ್ಷಗಳಿಂದ ಒತೀಲಿಯಾ ಇದನ್ನೇ ಕೇಳುತ್ತಿದ್ದಳು. ಗಂಡ ಹೀಗೇ ನೆಲ ನೋಡುತ್ತಿದ್ದ.

"ಹನ್ನೆರಡಕ್ಕೆ ಅವರೇ ಓದ್ತಾರಲ್ಲ ಮುದುಕಿ. ಇನ್ನು ಕಾಲು ಗಂಟೆ ತಡ್ಕೋ."

"ನೀನು ಅಲ್ಲೇ ಇದ್ದೆ ಕಣಯ್ಯಾ! ಆ ಗೋಡೆಗೆ ಗಾರೆ ಬಳಿದವನೇ ನೀನು."

"ಗಾರೆಯವನು ಗೋಡೆ ನೋಡ್ತಾನೆ. ಹುಡುಗೀರನ್ನಲ್ಲ."

ಭಾನುವಾರ ಮೊರೆಲಿಯಾದ ಸಂಗ್ರಹಾಲಯಕ್ಕೆ ಊರಿನವರಿಗೆ ಟಿಕೆಟ್ ಇಲ್ಲ. ಸಂಗ್ರಹಾಲಯವಾಗಿರುವ ಹಳೆಯ ಕ್ರೈಸ್ತ ಮಠದ ಅಂಗಳ ಹನ್ನೊಂದಕ್ಕೇ ತುಂಬಿತ್ತು. ಮೆಟ್ಟಿಲ ಪಕ್ಕದ ದೊಡ್ಡ ಗೋಡೆಗೆ ಕಟ್ಟಿದ್ದ ಅಟ್ಟಣೆಯನ್ನು ಹೋದ ವಾರ ಬಿಚ್ಚಿದ್ದರು. ಶುಚಿಗೊಳಿಸಿದ ಗೋಡೆಚಿತ್ರದ ಬಣ್ಣಗಳ ನಡುವೆ ಜೋಳದ ಬುಟ್ಟಿಯ ಹುಡುಗಿ ಹೊಸದಾಗಿ ಊರಿಗೆ ಬಂದವಳಂತೆ ನಿಂತಿದ್ದಳು. ತಲೆಯ ಮೇಲೆ ನೀಲಿ ಶಾಲು, ತಗ್ಗಿಸಿದ ಕಣ್ಣು, ಬುಟ್ಟಿ ಹಿಡಿದ ಅಗಲವಾದ ಕೈಗಳು.

ಅಂಚೆ ಕಾರ್ಡಿನಲ್ಲಿ ಅವಳು, ಕ್ಯಾಲೆಂಡರಿನಲ್ಲಿ ಅವಳು, ಮಿಠಾಯಿ ಡಬ್ಬಿಯ ಮುಚ್ಚಳದ ಮೇಲೂ ಅವಳೇ. ಅವಳು ಯಾರೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕಲಾವಿದ ತೀರಿಕೊಂಡು ನಲವತ್ತು ವರ್ಷವಾಗಿತ್ತು. ಈಗ ಅವನ ಮೊಮ್ಮಗಳು ಕೊಟ್ಟ ಟಿಪ್ಪಣಿ ಪುಸ್ತಕದಲ್ಲಿ ಉತ್ತರ ಸಿಕ್ಕಿದೆ, ಭಾನುವಾರ ಸಾರ್ವಜನಿಕರೆದುರು ಓದಲಾಗುವುದು ಎಂದು ಪತ್ರಿಕೆಯಲ್ಲಿ ಬಂದಿತ್ತು.

ಆ ಚಿತ್ರ ಬಿಡಿಸಿದಾಗ ಒತೀಲಿಯಾಳಿಗೆ ಹದಿನಾರು. ಸಂತೆಯಲ್ಲಿ ಹೂ ಮಾರುತ್ತಿದ್ದಳು. ಕಲಾವಿದ ಎದುರು ನಿಂತು ಅವಳ ಮುಖವನ್ನು ಹಾಳೆಯ ಮೇಲೆ ಬರೆದುಕೊಂಡ. ಗುರುವಾರ ಬಂದು ಕೂರು ಎಂದ. ಅಪ್ಪ ಬಿಡಲಿಲ್ಲ. ಆ ಹಾಳೆಯನ್ನು ನೋಡಿಯೇ ಅವನು ಗೋಡೆಯ ಮೇಲೆ ಬಿಡಿಸಿದ ಎಂಬುದು ಅವಳ ನಂಬಿಕೆ. ತೊಡಕೆಂದರೆ, ಪಕ್ಕದ ಸಾಲಿನಲ್ಲಿ ಚೀಸ್ ಮಾರುತ್ತಿದ್ದ ಕಸಿಲ್ದಾಳ ಮುಖವನ್ನೂ ಅದೇ ಬೆಳಿಗ್ಗೆ ಅವನು ಬರೆದುಕೊಂಡಿದ್ದ. ಕಸಿಲ್ದಾಳ ಅಪ್ಪನೂ ಬಿಟ್ಟಿರಲಿಲ್ಲ. ಅವಳ ನಂಬಿಕೆಯೂ ಅಷ್ಟೇ ಗಟ್ಟಿಯಾಗಿತ್ತು.

ಗೋಡೆಯ ಮೇಲಿನ ಜಾಗ ಹೋದರೆ ಹೋಗಲಿ. ಒತೀಲಿಯಾಳ ಹೊಟ್ಟೆ ಉರಿಯುತ್ತಿದ್ದುದು ಗಂಡನ ಮೌನಕ್ಕೆ. ಚಿತ್ರದಲ್ಲಿರುವುದು ತಾನಾಗಿದ್ದರೆ ಅವನು ಎಂದೋ ಹೇಳುತ್ತಿದ್ದ. ಹೇಳಲಿಲ್ಲ, ಅಂದರೆ ಅದು ಕಸಿಲ್ದಾ. ಕೇಳಿದಾಗಲೆಲ್ಲ ಕಿವಿಯವರೆಗೆ ಕೆಂಪಾಗುತ್ತಾನೆ, ಅಂದರೆ ಅದು ಬರೀ ಚಿತ್ರದ ಮಾತಲ್ಲ. ಆ ದಿನಗಳಲ್ಲಿ ಅವನ ಕಣ್ಣು ಕಸಿಲ್ದಾಳ ಮೇಲಿತ್ತು. ಅವಳು ಸಿಗದೆ ತನ್ನಲ್ಲಿಗೆ ಬಂದ. ಹಿರಿಮಗಳಿಗೆ ಧರ್ಮತಾಯಿಯಾಗಿ ಆ ಚೀಸಿನವಳನ್ನೇ ಆರಿಸಿದವನೂ ಅವನೇ. ಊರಲ್ಲಿ ಬೇರೆ ಹೆಂಗಸರಿರಲಿಲ್ಲವೇ? ಆ ನಂಟಿನಿಂದಾಗಿ ಅಂದಿನಿಂದ ಅವಳನ್ನು ಬಾಯಿ ತುಂಬ "ಕೊಮಾದ್ರೆ" ಎಂದು ಕರೆಯಬೇಕಾದ ಕರ್ಮ.

ಕಸಿಲ್ದಾ ಬಂದಳು. ಪಾರ್ಲರಿನಿಂದ ನೇರ ಬಂದಿದ್ದಳೆಂದು ಕೂದಲೇ ಹೇಳುತ್ತಿತ್ತು.

"ಏನ್ ಕೊಮಾದ್ರೆ, ಇಷ್ಟು ಬೇಗ? ಸೋಲೋದಕ್ಕೂ ಮುಂದಿನ ಸಾಲೇ ಬೇಕಾ?"

"ನಿಮಗೋಸ್ಕರವೇ ಹಿಡಿದಿಟ್ಟೆ. ತಲೆ ಸುತ್ತಿ ಬಿದ್ದರೆ ಆನಿಕೊಳ್ಳೋಕೆ ಗೋಡೆ ಹತ್ತಿರ ಇರ್ಲಿ ಅಂತ."

"ಆ ಕೈ ನೋಡಿ. ಹೂ ಮಾರೋಳ ಕೈನಾ ಅದು?"

"ಚೀಸ್ ಮಾರೋಳದ್ದೂ ಅಲ್ಲ ಬಿಡಿ. ನಿಮ್ಮ ಕೈ ಯಾವಾಗ್ಲೂ ತಕ್ಕಡಿ ಮೇಲೇ ಇರ್ತಿತ್ತು."

ಕಸಿಲ್ದಾ ಫೆರ್ಮಿನನತ್ತ ತಿರುಗಿದಳು. "ನೀವೇ ಹೇಳಿ ದೊನ್ ಫೆರ್ಮಿನ್. ನಮ್ಮಿಬ್ಬರಲ್ಲಿ ಯಾರು ಅವಳ ಥರ ಇದೀವಿ?"

ಫೆರ್ಮಿನ್ ಮೀಸೆ ಸವರಿಕೊಂಡ. ಮದುವೆಗೆ ಮುಂಚೆ ಬಿಟ್ಟ ದಪ್ಪ ಮೀಸೆ. ಒಂದು ದಿನಕ್ಕೂ ಅದನ್ನು ಬೋಳಿಸಿದವನಲ್ಲ.

"ನೀವಿಬ್ಬರೂ ಅವಳಿಗಿಂತ ಚೆನ್ನಾಗಿದೀರಿ" ಎಂದ.

ಕಸಿಲ್ದಾ ಗೊಳ್ಳೆಂದು ನಕ್ಕಳು. ಅವನ ಕಿವಿ ಕೆಂಪಾಯಿತು. ಒತೀಲಿಯಾ ಅದನ್ನು ಕಂಡಳು. ಗಂಡನ ತೋಳು ಹಿಡಿದು ಕಂಬದ ಮರೆಗೆ ಎಳೆದಳು.

"ಕೇಳು. ಅವಳ ಹೆಸರು ಬಂದ್ರೆ ನಾನು ಮನೆಗೆ ಬರಲ್ಲ. ಇಲ್ಲಿಂದಲೇ ಉರುವಾಪಾನ್ ಬಸ್ಸು ಹತ್ತಿ ಮಗಳ ಮನೆಗೆ ಹೋಗ್ತೀನಿ. ಬಟ್ಟೆ ಕಟ್ಟಿಟ್ಟೇ ಬಂದಿದೀನಿ. ಐವತ್ತಾರು ವರ್ಷ ಇನ್ನೊಬ್ಬಳ ಬದಲಿಗೆ ಬಾಳಿದ್ದು ಸಾಕು."

ಫೆರ್ಮಿನ್ ಬೆಚ್ಚಿದ. "ಓದೋದಕ್ಕೆ ಮೊದಲೇ ಹೋಗಿಬಿಡೋಣ ಬಾ. ಐಸ್‌ಕ್ರೀಮ್ ಕೊಡಿಸ್ತೀನಿ. ನಿಂಗಿಷ್ಟವಾದ ಸೀತಾಫಲದ್ದು."

"ಓಹೋ! ಅಷ್ಟು ಭಯವಾ?"

"ಹೂಂ" ಎಂದ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಅವಳಿಗೆ ಅಷ್ಟೇ ಸಾಕಾಯಿತು. ಸೆಟೆದುಕೊಂಡು ಮುಂದಿನ ಸಾಲಿಗೆ ನಡೆದಳು. ಫೆರ್ಮಿನ್ ನೇಣಿಗೆ ಹೋಗುವವನಂತೆ ಹಿಂದೆ ಬಂದು ಕೂತ.

ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಸಂಗ್ರಹಾಲಯದ ನಿರ್ದೇಶಕಿ ರೆನಾತಾ ಪುಸ್ತಕ ಹಿಡಿದು ನಿಂತಳು. ಹೆಚ್ಚು ಮಾತಾಡಲಿಲ್ಲ. ಗುರುತು ಹಾಕಿದ್ದ ಪುಟ ತೆರೆದು, ಮುಂದಿನ ಸಾಲಿನಲ್ಲಿದ್ದ ಒತೀಲಿಯಾಳನ್ನು ಕಂಡು ಒಂದು ಕ್ಷಣ ತಡೆದಳು. ಆಮೇಲೆ ಓದಿದಳು.

"'ಗುರುವಾರ. ಮುಖದ ಭಾಗಕ್ಕೆ ನಸುಕಿನಲ್ಲೇ ಗಾರೆ ಬಳಿಸಿದೆ. ಹಸಿ ಆರುವುದರೊಳಗೆ ಬಣ್ಣ ಹಾಕಿ ಮುಗಿಸಬೇಕು. ಸಂತೆಯಲ್ಲಿ ಬರೆದುಕೊಂಡ ಹುಡುಗಿಯರಿಬ್ಬರಲ್ಲಿ ಒಬ್ಬಳೂ ಬರಲಿಲ್ಲ. ಹಾಳೆಯ ಮೇಲಿನ ಗೆರೆಗಳಿಂದ ಆಗುವ ಕೆಲಸವಲ್ಲ ಇದು, ಎದುರಿಗೊಂದು ಮುಖ ಬೇಕು. ಹತ್ತು ಗಂಟೆಗೆ ಗಾರೆ ಬಿಗಿಯತೊಡಗಿತು.'"

ಕಸಿಲ್ದಾಳ ಬೀಸಣಿಗೆ ನಿಂತಿತು. ಒಬ್ಬಳೂ ಬರಲಿಲ್ಲವೇ? ಹಾಗಾದರೆ ಮೂರನೆಯವಳೊಬ್ಬಳಿದ್ದಾಳೆ. ಒತೀಲಿಯಾಳ ಎದೆಯಲ್ಲಿ ಹೊಸ ಕಿಚ್ಚು ಹೊತ್ತಿತು. ಗಂಡನತ್ತ ತಿರುಗಿದಳು. ಅವನು ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡಿದ್ದ.

"'ಬೇರೆ ದಾರಿ ಕಾಣದೆ ಗಾರೆ ಕೆಲಸದ ಫೆರ್ಮಿನನ ತಲೆಗೇ ಶಾಲು ಹೊದಿಸಿ ಕೂರಿಸಿದೆ, ಕೂತನೇನೋ ನಿಜ, ಆದರೆ ಹೂ ಮಾರುವ ಒತೀಲಿಯಾಳಿಗೆ ಇದು ಸಾಯುವವರೆಗೂ ತಿಳಿಯಕೂಡದು ಎಂದು ನನ್ನಿಂದ ಆಣೆ ಹಾಕಿಸಿಕೊಂಡ, ಏಕೆಂದರೆ ಆ ಹುಡುಗಿಯನ್ನು ಇನ್ನೂ ಒಂದು ಸಲವೂ ಮಾತನಾಡಿಸದಿದ್ದರೂ ಮದುವೆಯಾದರೆ ಅವಳನ್ನೇ ಎಂದು ತೀರ್ಮಾನಿಸಿದ್ದಾನಂತೆ.'"