ಹುರುಳಿ ಹಾಸಿದ ರಸ್ತೆ

ಬೇತಮಂಗಲದ ರಸ್ತೆಯಲ್ಲಿ ಹಾಸಿದ್ದ ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಂಡು, ಗಂಗರತ್ನ ರೇಸ್ ಸೈಕಲ್ ಸಮೇತ ಅದರೊಳಗೆ ಬಿದ್ದಳು. ಹೊಸ ಶೂಗಳ ಅಡಿಯ ಕೊಕ್ಕೆ, ಕ್ಲೀಟ್, ಪೆಡಲನ್ನು ಕಚ್ಚಿ ಹಿಡಿದಿತ್ತು. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆಂಬುದು ಭಯಕ್ಕೆ ಮರೆತೇಹೋಗಿ, ಕಾಲನ್ನು ಮೇಲಕ್ಕೇ ಎಳೆಯುತ್ತಿದ್ದಳು. ಎದುರಿನಿಂದ ಬಸ್ ಬರುತ್ತಿತ್ತು.

"ಏಳಮ್ಮಣ್ಣಿ, ಬಸ್ಸು ಬತ್ತೈತೆ!" ಹುರುಳಿಯ ಒಡತಿ ಅಮ್ಮಾಜಮ್ಮ ಕೂಗಿದಳು.

"ಕಾಲು ಬಿಡ್ತಿಲ್ಲ ಅಕ್ಕಾ!"

"ಕಾಲು ಕಟ್ಟಾಕ್ಕೊಂಡು ಯಾರ್ ಸೈಕಲ್ ತುಳೀತಾರೆ?" ಎನ್ನುತ್ತಲೇ ಅಮ್ಮಾಜಮ್ಮ ಬಸ್ ನಿಲ್ಲಿಸಲೆಂದು ಎರಡೂ ಕೈ ಬೀಸಿದಳು.

ಕಾಳು ಉದುರಲೆಂದು ಬಳ್ಳಿಯ ಮೇಲೆ ಬಸ್ ಹತ್ತಿಸಲು ಅವಳು ದಿನವೂ ಹೀಗೇ ಕೈ ಬೀಸುತ್ತಿದ್ದಳು. ಬಳ್ಳಿಯಲ್ಲಿ ಹುದುಗಿದವಳನ್ನು ಕಾಣದ ಡ್ರೈವರ್ ನಕ್ಕು, ಬಸ್ಸನ್ನು ನೇರವಾಗಿ ಹುರುಳಿಯತ್ತ ತಿರುಗಿಸಿದ. ಗಂಗರತ್ನ ಮತ್ತೆ ಕಾಲನ್ನು ಮೇಲಕ್ಕೇ ಜಗ್ಗಿದಳು.

ಅಮ್ಮಾಜಮ್ಮ ಕೈ ಇಳಿಸಿದಳು. ಓಡಿಬಂದು, ಗಂಗರತ್ನಳ ಮುಂದೆ ಬಸ್ಸಿಗೆ ಎದುರಾಗಿ ಕಾಲು ಚಾಚಿ ಕೂತುಬಿಟ್ಟಳು. ಬ್ರೇಕು ಕಿರುಚಿತು, ಎಂಜಿನ್ನಿನ ಬಿಸಿ ಇಬ್ಬರ ಮುಖಕ್ಕೂ ಬಡಿಯಿತು.